ಹಾಗರಳ ಅಧ್ಯಾಯ ಓದಿದವಳು

ನಮ್ಮ ಮನೆಯಲ್ಲಿ ಯಾವ ಜಗಳವೂ ಬರೀ ಜಗಳವಾಗಿ ಮುಗಿಯುತ್ತಿರಲಿಲ್ಲ. ಸಂಜೆಯ ಪ್ರಾರ್ಥನೆಯಲ್ಲಿ ಅದಕ್ಕೊಂದು ಅಧ್ಯಾಯ ಕಾದಿರುತ್ತಿತ್ತು. ನಾನೂ ತಂಗಿ ಶೀಲಳೂ ಪಾತ್ರೆ ತೊಳೆಯುವ ಸರದಿಗಾಗಿ ಕಿತ್ತಾಡಿದರೆ ಮಾರ್ಥ ಮರಿಯ ಎಂಬ ಅಕ್ಕತಂಗಿಯರ ಕಥೆ. ಶೀಲ ಡಬ್ಬಿಯಿಂದ ಬೆಲ್ಲ ಕದ್ದ ದಿನ, ಕೊಳ್ಳೆಯ ಮಾಲನ್ನು ಗುಡಾರದ ನೆಲದಡಿ ಹೂತಿಟ್ಟು ಸಿಕ್ಕಿಬಿದ್ದ ಆಕಾನನ ಕಥೆ. ಅವನನ್ನು ಕಲ್ಲೆಸೆದು ಕೊಂದರು ಎಂಬಲ್ಲಿಗೆ ಓದು ಬಂದಾಗ ಆರು ವರ್ಷದ ಶೀಲ ಹೆದರಿ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದಳು. ಅಪ್ಪ ನಮ್ಮ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಸತ್ಯವೇದ, ಅಂದರೆ ಬೈಬಲ್, ತೆರೆದು, ಪುಟ ಹುಡುಕಿ, ನನ್ನ ಕೈಗೆ ಕೊಡುತ್ತಿದ್ದರು. ಓದುವುದು ನನ್ನ ಕೆಲಸ. ಎರಡನೇ ಕ್ಲಾಸಿನಿಂದಲೇ ನಾನು ತಡವರಿಸದೆ ಓದುತ್ತಿದ್ದೆ. ನನ್ನ ದನಿ ಗಂಟೆಯ ಹಾಗಿದೆ ಎಂದು ಅಪ್ಪ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆ ಹೊಗಳಿಕೆಯ ಆಸೆಗೆ ನಾನು ಕಷ್ಟದ ಹೆಸರುಗಳನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳುತ್ತಿದ್ದೆ.

ಸುಗಟೂರಿನ ಆ ಹೆಂಚಿನ ಮನೆಗೆ ಮುಂದೆ ಜಗಲಿ, ಆಮೇಲೆ ಪಡಸಾಲೆ, ನಡುವೆ ಕಿಟಕಿಯಿಲ್ಲದ ಒಂದು ಕೋಣೆ, ಹಿಂದೆ ಅಡುಗೆಮನೆ. ನಡುಕೋಣೆಯಲ್ಲಿ ರಾಗಿಮೂಟೆ, ಟ್ರಂಕು, ಸುತ್ತಿಟ್ಟ ಹಾಸಿಗೆಗಳು. ಹಗಲಲ್ಲೂ ಅಲ್ಲಿ ಏನಾದರೂ ಬೇಕೆಂದರೆ ಕೈಯಿಂದ ತಡವಿ ಹುಡುಕಬೇಕಿತ್ತು. ಅಪ್ಪ ಊರಿನ ಶಾಲೆಯಲ್ಲಿ ಮೇಷ್ಟ್ರು. ಊರಿನಲ್ಲಿ ಕ್ರೈಸ್ತರೆಂದರೆ ನಮ್ಮದೊಂದೇ ಮನೆ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಕೋಲಾರದ ಚರ್ಚಿಗೆ ಹೋಗುತ್ತಿದ್ದೆವು. ಅಲ್ಲಿ ಅಪ್ಪ ಸಭೆಯ ಹಿರಿಯರಲ್ಲೊಬ್ಬರು. ಆರಾಧನೆಯ ವೇಳೆ ಮುಂದೆ ನಿಂತು ವೇದಪಾಠ ಓದುವವರು ಅವರೇ. ಸುಗಟೂರಿನ ಜನ ನಮಗೆ ಯಾವ ತೊಂದರೆಯನ್ನೂ ಕೊಟ್ಟವರಲ್ಲ. ಹೊಲದಲ್ಲಿ ಅವರೆಕಾಯಿ ಬಿಟ್ಟರೆ ಮೊರದ ತುಂಬ ತಂದು ಕೊಡುತ್ತಿದ್ದರು. ಆದರೂ ಯಾರೋ ಸದಾ ನೋಡುತ್ತಿದ್ದಾರೆ ಎಂಬ ಭಾವನೆ ಅಪ್ಪನನ್ನು ಬಿಡುತ್ತಿರಲಿಲ್ಲ.

"ಇವರ್‍ಯಾರೂ ನಮ್ಮ ಪುಸ್ತಕ ತೆಗೆದು ಓದಲ್ಲ. ನಮ್ಮನ್ನ ಓದ್ತಾರೆ. ಅದರಲ್ಲಿ ತಪ್ಪು ಇರಬಾರದು" ಎನ್ನುತ್ತಿದ್ದರು.

ತಂದೆತಾಯಿಯಿಲ್ಲದೆ ಮಿಷನ್ ಹಾಸ್ಟೆಲಿನಲ್ಲಿ ಬೆಳೆದವರು ಅವರು. ಅನ್ನ, ಬಟ್ಟೆ, ವಿದ್ಯೆ, ಕೆಲಸ ಎಲ್ಲವೂ ಅವರಿಗೆ ಆ ಪುಸ್ತಕದ ಹಿಂದೆಯೇ ಬಂದಿದ್ದವು. ಅದನ್ನು ಒಂದು ಅಕ್ಷರ ಮೀರಿದರೂ ಮತ್ತೆ ಬೀದಿಗೆ ಬೀಳುತ್ತೇನೆ ಎಂಬ ಹೆದರಿಕೆ ಅವರೊಳಗಿತ್ತೆಂದು ಈಗ, ಅವರ ವಯಸ್ಸನ್ನು ದಾಟಿದ ಮೇಲೆ, ನನಗೆ ಅನ್ನಿಸುತ್ತದೆ. ಆಗ ನನಗೆ ಗೊತ್ತಿದ್ದುದು ಇಷ್ಟೆ: ಬಾಗಿಲಾಚೆ ಜೋರಾಗಿ ನಗಬಾರದು, ಅಳಬಾರದು, ಮನೆಯ ಮಾತನ್ನು ಬಾವಿಕಟ್ಟೆಗೆ ಒಯ್ಯಬಾರದು. ಅಮ್ಮ ಓದಿದ್ದು ಮೂರನೇ ಕ್ಲಾಸು. ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು. ಪ್ರಾರ್ಥನೆಯ ಹೊತ್ತಿನಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ, ಒಲೆಯ ಮೇಲಿನ ಸಾರಿಗೆ ಒಂದು ಕಿವಿ ಕೊಟ್ಟು ಕೂರುತ್ತಿದ್ದಳು. ಕೊನೆಯಲ್ಲಿ ಆಮೆನ್ ಅನ್ನುವುದಷ್ಟೇ ಅವಳ ಪಾಲು.

ದಯಾಮಣಿ ಚಿಕ್ಕಮ್ಮ ಅಮ್ಮನಿಗಿಂತ ಹತ್ತು ವರ್ಷ ಚಿಕ್ಕವಳು. ಅಜ್ಜಿ ಬೇಗ ತೀರಿಹೋದದ್ದರಿಂದ ಅವಳನ್ನು ಎತ್ತಿ ಆಡಿಸಿದ್ದು, ತಲೆ ಬಾಚಿದ್ದು ಎಲ್ಲ ಅಮ್ಮನೇ. ಅವಳಿಗೆ ಗಂಡು ಹುಡುಕಿದ್ದು ಅಪ್ಪ. ಮುಳಬಾಗಿಲಿನಲ್ಲಿ ಕರೆಂಟಿನ ಲೈನ್ ಕೆಲಸ ಮಾಡುತ್ತಿದ್ದ ಜಯರಾಜ್ ಎಂಬುವನು ಒಂದು ಕೂಟದಲ್ಲಿ ಕಣ್ಣೀರು ಸುರಿಸಿ ಪ್ರಾರ್ಥನೆ ಮಾಡಿದ್ದನ್ನು ಕಂಡು ಅಪ್ಪ ಮನೆಗೆ ಬಂದು, ಇಂಥ ಹುಡುಗ ಸಿಗೋದು ಕಷ್ಟ ಎಂದಿದ್ದರಂತೆ. ಮದುವೆಯಾದ ಎರಡನೇ ವರ್ಷ, ಹೊಲಗಳಲ್ಲಿ ರಾಗಿ ಕೊಯ್ಯುತ್ತಿದ್ದ ಕಾಲದಲ್ಲಿ, ಚಿಕ್ಕಮ್ಮ ಒಂದು ಬ್ಯಾಗು ಹಿಡಿದು ಒಬ್ಬಳೇ ಬಂದಳು. ಅವಳ ಕೆಳತುಟಿ ಊದಿತ್ತು. ಬಚ್ಚಲಲ್ಲಿ ಜಾರಿದೆ ಎಂದಳು. ಅಮ್ಮ ಅವಳನ್ನು ನಡುಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಒಳಗಿಂದ ಅಮ್ಮ ಅಳುವುದು ಕೇಳಿಸಿತು. ಚಿಕ್ಕಮ್ಮ ಅಳುವುದು ಕೇಳಿಸಲಿಲ್ಲ.

ಎರಡು ವಾರದ ಮೇಲೆ ಜಯರಾಜ್ ಬಂದ. ನನಗೂ ಶೀಲಳಿಗೂ ಬೇಕರಿಯ ಬನ್ನು ತಂದಿದ್ದ. ಅಪ್ಪನ ಮುಂದೆ ಮಂಡಿಯೂರಿ, ನಾನು ಪಾಪಿ, ನನ್ನನ್ನ ಕ್ಷಮಿಸಿ ಅಣ್ಣ, ಎಂದು ಅತ್ತ. ಅಪ್ಪನ ಕಣ್ಣೂ ಒದ್ದೆಯಾಯಿತು. ಆ ಸಂಜೆ ಅವರು ಆದಿಕಾಂಡ ತೆರೆದು ಹಾಗರಳ ಅಧ್ಯಾಯವನ್ನು ನನ್ನ ಕೈಗೆ ಕೊಟ್ಟರು. ಅಬ್ರಹಾಮನ ಹೆಂಡತಿ ಸಾರಳ ದಾಸಿ ಹಾಗರಳು, ಒಡತಿಯ ಕಾಟ ತಾಳಲಾರದೆ ಬಸುರಿಯಾಗಿದ್ದಾಗಲೇ ಕಾಡಿಗೆ ಓಡಿಹೋಗುತ್ತಾಳೆ. ನೀರಿನ ಬುಗ್ಗೆಯ ಬಳಿ ದೇವದೂತ ಅವಳನ್ನು ಕಂಡು, ನಿನ್ನ ಒಡತಿಯ ಬಳಿಗೆ ತಿರುಗಿ ಹೋಗು, ಅವಳಿಗೆ ತಗ್ಗಿ ನಡೆ ಎಂದು ಹೇಳುತ್ತಾನೆ. ನಾನು ಆ ಮಾತನ್ನು ಚೆನ್ನಾಗಿ ಎತ್ತಿ, ನಿಲ್ಲಿಸಿ ಓದಿದೆ. ಚಿಕ್ಕಮ್ಮ ನೆಲ ನೋಡುತ್ತ ಕೂತಿದ್ದವಳು ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಅಪ್ಪನನ್ನಲ್ಲ, ಗಂಡನನ್ನಲ್ಲ, ನನ್ನನ್ನು. ಮಾರನೆಯ ಬೆಳಿಗ್ಗೆ ಬ್ಯಾಗು ಹಿಡಿದು ಅವನ ಹಿಂದೆ ಹೊರಟಳು.

ಎರಡನೇ ಸಲ ಬಂದಾಗ ಅವಳ ಬಲಗೈಗೆ ಪಟ್ಟಿ ಹಾಕಿತ್ತು. ಕೈ ಮುರಿದಿತ್ತು. ಅಮ್ಮ ಆ ಸಲ ಮೊದಲ ಬಾರಿಗೆ ಅಪ್ಪನಿಗೆ ಎದುರಾಡಿದ್ದನ್ನು ನಾನು ಕೇಳಿದೆ.

"ಇನ್ನೂ ಎಷ್ಟು ಸಲ ರೀ?"

"ಶಿಷ್ಯ ಪೇತ್ರನೂ ಯೇಸುವನ್ನ ಅದನ್ನೇ ಕೇಳಿದ್ದ. ಕ್ಷಮಿಸೋದಕ್ಕೆ ಲೆಕ್ಕ ಇಡಬಾರದು ಅಂತ ಕರ್ತನೇ ಹೇಳಿದಾನೆ."

"ಕೈ ಮುರಿಯೋನು ಲೆಕ್ಕ ಇಟ್ಟಿದಾನಾ?"

ಕೈಯ ಪಟ್ಟಿ ಬಿಚ್ಚಿಸಿದ ವಾರವೇ ಚಿಕ್ಕಮ್ಮನನ್ನು ಅಪ್ಪನೇ ಮುಳಬಾಗಿಲಿಗೆ ಬಿಟ್ಟುಬಂದರು. ಹೊರಡುವ ಮುನ್ನ ಮತ್ತೆ ಅದೇ ಅಧ್ಯಾಯ, ಮತ್ತೆ ನನ್ನದೇ ದನಿ. ಈ ಸಲ ನಾನು ಮೆಲ್ಲಗೆ ಓದಿದೆ. "ಕೇಳಿಸೋ ಹಾಗೆ ಓದು" ಎಂದರು ಅಪ್ಪ. ಜೋರಾಗಿ ಓದಿದೆ. ಅವತ್ತಿನಿಂದ ಆ ಪುಸ್ತಕ ಕೈಗೆ ಬಂದರೆ ಮೊದಲು ಅದು ಯಾವ ಅಧ್ಯಾಯ ಎಂದು ನೋಡುತ್ತಿದ್ದೆ. ಓದಲ್ಲ ಅನ್ನುವ ಹಾಗಿರಲಿಲ್ಲ. ದೇವರ ವಾಕ್ಯವನ್ನು ಬೇಡ ಅನ್ನುವ ಮಗು ಆ ಮನೆಯಲ್ಲಿ ಇರುವುದು ಸಾಧ್ಯವಿರಲಿಲ್ಲ. ಓದಿದರೆ ಚಿಕ್ಕಮ್ಮನ ಆ ನೋಟ. ಹೀಗೆ ಹನ್ನೊಂದು ವರ್ಷದವಳಾದ ನಾನು ಪ್ರತಿ ಸಂಜೆ ಸಿಕ್ಕಿಬೀಳುತ್ತಿದ್ದೆ. ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಅಮ್ಮ ಇದ್ದಕ್ಕಿದ್ದ ಹಾಗೆ ಕೇಳಿದಳು.

"ಪ್ರಮೀ, ಆ ಹಾಗರಳು ವಾಪಸ್ ಹೋದ್ಳಲ್ಲ, ಆಮೇಲೆ ಅಲ್ಲಿ ಚೆನ್ನಾಗಿದ್ಲಾ?"

ನನಗೆ ಗೊತ್ತಿರಲಿಲ್ಲ. ಅಪ್ಪ ಕೊಟ್ಟಷ್ಟು ಓದಿದ್ದೆನೇ ಹೊರತು ಮುಂದಿನ ಪುಟ ತಿರುಗಿಸಿರಲಿಲ್ಲ. ಅಮ್ಮ ಹಿಟ್ಟಿನ ಕೈ ಒರೆಸಿಕೊಂಡು, ಸತ್ಯವೇದ ತರಿಸಿ, ಹುಡುಕು ಎಂದಳು. ಇಬ್ಬರೂ ಒಲೆಯ ಮುಂದೆ ಕೂತು ಹುಡುಕಿದೆವು. ಐದು ಅಧ್ಯಾಯ ದಾಟಿದ ಮೇಲೆ ಆ ಹೆಸರು ಮತ್ತೆ ಸಿಕ್ಕಿತು. ನನ್ನಿಂದ ಎರಡು ಸಲ ಓದಿಸಿದಳು. ಆಮೇಲೆ ಪುಸ್ತಕವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳಿಟ್ಟಳು. ಆ ಮಧ್ಯಾಹ್ನದಿಂದ ದಿನವೂ ಅಪ್ಪ ಶಾಲೆಯಲ್ಲಿರುವಾಗ ಅಮ್ಮ ಆ ಒಂದು ಭಾಗವನ್ನು ಅಭ್ಯಾಸ ಮಾಡುತ್ತಿದ್ದಳು.

ಮೂರನೇ ಸಲ ಚಿಕ್ಕಮ್ಮ ಬಂದ ದಿನ ಅಪ್ಪ ಮೇಷ್ಟ್ರುಗಳ ಮೀಟಿಂಗಿಗೆ ಕೋಲಾರಕ್ಕೆ ಹೋಗಿದ್ದರು. ನಾನು ಊಟಕ್ಕೆ ಮನೆಗೆ ಬಂದಿದ್ದೆ. ಅವಳು ಹಿತ್ತಿಲ ಬಾಗಿಲಿಂದ ಒಳಗೆ ಬಂದಳು. ಕಾಲಲ್ಲಿ ಚಪ್ಪಲಿಯಿರಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿತ್ತು. ಐದು ತಿಂಗಳಂತೆ. ನೀರು ಕೇಳಿ ಎರಡು ಚೊಂಬು ಕುಡಿದಳು.

"ಕೆಲಸಕ್ಕೆ ಹೋಗುವಾಗ ಆಚೆಯಿಂದ ಬೀಗ ಹಾಕ್ಕೊಂಡು ಹೋಗ್ತಾನಕ್ಕ. ಕೊಡ ಕಿಟಕೀಲಿ ತೂರಲ್ಲ. ಚೊಂಬು ಆಚೆ ಕೊಟ್ರೆ ಪಕ್ಕದ ಮನೆಯಮ್ಮ ನೀರು ತುಂಬಿಸಿ ಕೊಡ್ತಿದ್ಲು. ಸಾಯಂಕಾಲದ ತನಕ ಚೊಂಬು ಚೊಂಬಾಗಿ ಇಸ್ಕೊಳ್ತಿದ್ದೆ. ಇವತ್ತು ಬೀಗ ಸರಿಯಾಗಿ ಕೂತಿರ್ಲಿಲ್ಲ. ಆಯಮ್ಮನೇ ಎಳೆದು ತೆಗೆದು ಬಸ್ಸು ಹತ್ತಿಸಿದ್ಲು."

ಚೊಂಬನ್ನು ಕೆಳಗಿಟ್ಟು, "ಮತ್ತೆ ಕಳಿಸಿದ್ರೆ ಹೋಗ್ತೀನಿ. ಆದ್ರೆ ಈ ಮಗು ಉಳಿಯಲ್ಲ ಅಕ್ಕ" ಎಂದಳು.

ಅಮ್ಮ ಅಳಲಿಲ್ಲ. ನನ್ನ ಕಡೆ ತಿರುಗಿ, "ವೆಂಕಟಮ್ಮನ್ನ ಕರಕೊಂಡು ಬಾ. ಓಡಬೇಡ, ನಡಕೊಂಡು ಹೋಗು" ಎಂದಳು. ವೆಂಕಟಮ್ಮ ನಮ್ಮ ಹಿಂದಿನ ಬೀದಿಯವರು. ರೇಷ್ಮೆ ಹುಳು ಸಾಕುತ್ತಿದ್ದರು. ಅವರ ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ, ಅವಸರದಲ್ಲಿ ಎರಡೂ. ಚಿಕ್ಕಮ್ಮನನ್ನು ಒಮ್ಮೆ ನೋಡಿದರು, ಹೆಚ್ಚು ಕೇಳಲಿಲ್ಲ.

"ನಮ್ಮ ಹುಳುಮನೆಗೆ ಬರ್ಲಿ ಬಿಡಮ್ಮ. ಹುಳ ದೊಡ್ಡ ಮೇವಿಗೆ ಬಂದೈತೆ, ಗೂಡು ಕಟ್ಟೋ ಮುಂಚಿನ ಮೇವು, ಆಚೆ ಜನ ಬಂದ್ರೆ ರೋಗ ಬರ್ತೈತೆ ಅಂತ ನೆಂಟರನ್ನೂ ಒಳಕ್ಕೆ ಬಿಡಲ್ಲ ನಾವು. ಯಾವನು ಬಂದು ಕೇಳ್ತಾನೋ ಚೂದ್ದಾಂ."

ನೋಡೋಣ ಎಂಬುದನ್ನು ಅವರು ಯಾವಾಗಲೂ ತೆಲುಗಿನಲ್ಲೇ ಹೇಳುತ್ತಿದ್ದರು. ಚಿಕ್ಕಮ್ಮ ಅವರ ಸೀರೆ ಉಟ್ಟು, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು, ಅವರ ಹಿಂದೆಯೇ ನಡೆದುಹೋದಳು. ಬೀದಿಯಲ್ಲಿ ನೋಡಿದವರಿಗೆ ಯಾರೋ ಕೂಲಿಯವಳು. ಅವತ್ತು ಸಂಜೆ ಅಪ್ಪನಿಗೆ ಅಮ್ಮ ಏನೂ ಹೇಳಲಿಲ್ಲ. ಮಾರನೆಯ ದಿನ ಊಟ ಕೊಡುವ ನೆಪದಲ್ಲಿ ನಾನು ಹುಳುಮನೆಗೆ ಹೋದೆ. ಒಳಗೆ ಕತ್ತಲು, ಸೊಪ್ಪಿನ ಹಸಿವಾಸನೆ, ಸುಣ್ಣದ ಘಾಟು. ಅಟ್ಟಣೆಯ ಮೇಲೆ ಸಾಲಾಗಿ ಬಿದಿರ ತಟ್ಟೆಗಳು. ಮೂಲೆಯಲ್ಲಿ ಗೋಣಿತಾಟಿನ ಮೇಲೆ ಕೂತು ಚಿಕ್ಕಮ್ಮ ಹಿಪ್ಪುನೇರಳೆ ಎಲೆ ಬಿಡಿಸುತ್ತಿದ್ದಳು. ನಾನು ಅವಳ ಹತ್ತಿರ ಕೂತು, "ಚಿಕ್ಕಮ್ಮ, ಅವತ್ತು ನಾನು ಓದಿದ್ದಕ್ಕೆ…" ಎಂದು ಶುರುಮಾಡಿದೆ. ಅವಳು ಒಂದು ಹಿಡಿ ಎಲೆ ನನ್ನ ಮಡಿಲಿಗೆ ಹಾಕಿ, "ಬಿಡಿಸು" ಎಂದಳು. ಬಿಡಿಸಿದೆ.

ಶನಿವಾರ ಜಯರಾಜ್ ಬಂದ. ಅರ್ಧ ದಿನದ ಶಾಲೆ ಮುಗಿಸಿ ಅಪ್ಪ ಮನೆಯಲ್ಲಿದ್ದರು. ಈ ಸಲ ಬನ್ನು ಇರಲಿಲ್ಲ. ಹೆಂಡತಿ ಹೇಳದೆ ಕೇಳದೆ ಮನೆ ಬಿಟ್ಟಿದ್ದಾಳೆ, ಇಲ್ಲಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತಾಳೆ ಎಂದ. ಅಪ್ಪ ಗಾಬರಿಯಾಗಿ ಅಮ್ಮನನ್ನು ಕೇಳಿದರು. ಅಮ್ಮ ಮೊರದಿಂದ ತಲೆಯೆತ್ತದೆ, "ಮನೆ ತೆರೆದೇ ಐತೆ. ನೋಡ್ಕೊಳ್ಲಿ" ಎಂದಳು. ಜಯರಾಜ್ ನಡುಕೋಣೆಗೆ ಹೋಗಿ ಬೆಂಕಿಕಡ್ಡಿ ಗೀರಿ ನೋಡಿದ. ಮೂಟೆಗಳ ಹಿಂದೆಯೂ ನೋಡಿದ. ಆಮೇಲೆ ಅಪ್ಪ ನನ್ನನ್ನು ಕರೆದರು.

"ಪ್ರಮೀಳ, ನೀನು ಹೇಳು. ನೀನು ಸುಳ್ಳು ಹೇಳೋಳಲ್ಲ. ಚಿಕ್ಕಮ್ಮ ಬಂದಿದ್ಲಾ?"

ಅಮ್ಮನ ಕೈಯ ಮೊರ ನಿಂತುಹೋಯಿತು. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ನಾನು ಎಷ್ಟು ಸಲ ಓದಿದ್ದೆನೋ. ಯೆರಿಕೋ ಊರಿನ ರಾಹಾಬಳೆಂಬ ಹೆಂಗಸು ದೇವಜನರ ಗೂಢಚಾರರನ್ನು ಮಾಳಿಗೆಯ ಮೇಲೆ ಬಚ್ಚಿಟ್ಟು, ಅವರು ಇಲ್ಲಿಲ್ಲ ಎಂದು ರಾಜನ ಆಳುಗಳಿಗೆ ಹೇಳಿದ್ದನ್ನೂ ಓದಿದ್ದೆ. ಅವಳು ಹೇಳಿದ್ದು ಸುಳ್ಳೇ. ದೇವರು ಅವಳ ಮನೆಯನ್ನು ಉಳಿಸಿದ. ಆದರೆ ಇವೆಲ್ಲ ನನಗೆ ಹೊಳೆದದ್ದು ಆಮೇಲೆ. ಆ ಗಳಿಗೆಯಲ್ಲಿ ನನಗೆ ಕಂಡದ್ದು ಕಿಟಕಿಯ ಸರಳುಗಳ ನಡುವೆ ಆಚೆ ಬರುವ ಒಂದು ಚೊಂಬು.

"ಇಲ್ಲಪ್ಪ" ಎಂದೆ. ನನ್ನ ದನಿ ಗಂಟೆಯ ಹಾಗೆಯೇ ಇತ್ತು.

ಜಯರಾಜ್ ಹೋಗಲಿಲ್ಲ. ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಬೀದಿಯ ಎರಡೂ ತುದಿ ನೋಡುತ್ತ ಕೂತ. ಅವನು ಕೂತಷ್ಟು ಹೊತ್ತು ನಾವು ಯಾರೂ ಹಿತ್ತಿಲಿಗೂ ಹೋಗಲಿಲ್ಲ. ದೀಪ ಹಚ್ಚುವ ವೇಳೆಗೆ ಒಳಗೆ ಬಂದು, ಅವಳು ತಿರುಗಿ ಬರಲೆಂದು ಎಲ್ಲರೂ ಪ್ರಾರ್ಥನೆ ಮಾಡಬೇಕು ಅಣ್ಣ, ಎಂದ. ಅಪ್ಪ ಸತ್ಯವೇದ ತೆಗೆದು ಆದಿಕಾಂಡಕ್ಕೆ ಕೈಹಾಕಿದರು. ಅದು ಯಾವ ಅಧ್ಯಾಯ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನತ್ತ ಚಾಚಿದ ಪುಸ್ತಕವನ್ನು ಅಮ್ಮ ಮಧ್ಯದಲ್ಲೇ ಕೈಚಾಚಿ ತೆಗೆದುಕೊಂಡಳು.

"ಇವತ್ತು ನಾನು ಓದ್ತೀನಿ."

ಅಪ್ಪ ಏನಾದರೂ ಹೇಳುವ ಮೊದಲೇ ಅವಳು ಪುಟ ತಿರುಗಿಸಿ ಬೆರಳಿಟ್ಟಿದ್ದಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಸಾರಳ ಮಾತಿಗೆ ಅಬ್ರಹಾಮ ಹಾಗರಳನ್ನೂ ಅವಳ ಮಗುವನ್ನೂ ಮನೆಯಿಂದ ಆಚೆ ಕಳಿಸುತ್ತಾನೆ. ಒಂದಿಷ್ಟು ರೊಟ್ಟಿ, ತೊಗಲಿನ ಒಂದು ತಿತ್ತಿ ನೀರು. ಕಾಡಿನಲ್ಲಿ ನೀರು ಮುಗಿಯುತ್ತದೆ. ಮಗು ಸಾಯುವುದನ್ನು ನೋಡಲಾರೆನೆಂದು ಅದನ್ನು ಗಿಡದ ಕೆಳಗೆ ಮಲಗಿಸಿ, ತಾಯಿ ದೂರ ಹೋಗಿ ಕೂತು ಅಳುತ್ತಾಳೆ. ಆ ಸಾಲಿಗೆ ಬಂದಾಗ ಅಮ್ಮನ ಬೆರಳು ನಿಂತಿತು. ಮತ್ತೆ ಹಿಂದಿನ ಪದಕ್ಕೆ ಹೋಗಿ ಓದಿದಳು. ದೇವರು ಮಗುವಿನ ಕೂಗನ್ನು ಕೇಳುತ್ತಾನೆ. ಅವಳ ಕಣ್ಣು ತೆರೆಸುತ್ತಾನೆ. ಎದುರಿಗೇ ನೀರಿನ ಬಾವಿ.

ಓದು ಮುಗಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಮ್ಮ ಪುಸ್ತಕ ಮುಚ್ಚಲಿಲ್ಲ.

"ಇಲ್ಲಿ ವಾಪಸ್ ಹೋಗು ಅಂತ ಇಲ್ಲ ರೀ. ಒಂದು ತಿಂಗಳಿಂದ ಓದ್ತಿದೀನಿ. ಎಲ್ಲೂ ಇಲ್ಲ."

ಜಯರಾಜ್ ನಕ್ಕ. "ಅತ್ತಿಗೆ, ಆ ಹಾಗರಳನ್ನ ಅವರೇ ಆಚೆಗೆ ಹಾಕಿದ್ದು. ಇವಳು ಓಡಿಹೋಗಿರೋದು. ಎರಡೂ ಒಂದೇನಾ?"

"ಬಸುರಿ ಹೆಂಗಸನ್ನ ಒಳಗೆ ಹಾಕಿ ಬೀಗ ಹಾಕೋ ಕಥೆ ಇದರಲ್ಲಿ ಎಲ್ಲಿದೆಯೋ ನೀವೇ ತೋರಿಸಿ. ನಾನೂ ಓದ್ತೀನಿ" ಎಂದು ಅಮ್ಮ ಪುಸ್ತಕವನ್ನು ಅವನ ಮುಂದೆ ಇಟ್ಟಳು.

ಆ ಮಾತಿನಿಂದ ಅಪ್ಪನಿಗೂ ಜಯರಾಜನಿಗೂ ಒಟ್ಟಿಗೇ ಗೊತ್ತಾಯಿತು. ಬೀಗದ ವಿಷಯ ಅಮ್ಮನಿಗೆ ತಿಳಿಯಬೇಕಾದರೆ ಚಿಕ್ಕಮ್ಮನೇ ಹೇಳಿರಬೇಕು. ಜಯರಾಜ್ ಎದ್ದುನಿಂತ. ಎಲ್ಲಿದ್ದಾಳೆ ಎಂದು ಕೂಗಿ ಅಮ್ಮನತ್ತ ಒಂದು ಹೆಜ್ಜೆ ಇಟ್ಟ. ಶೀಲ ಕಿರುಚಿದಳು. ಅಪ್ಪ ಗಟ್ಟಿ ಮನುಷ್ಯರಲ್ಲ, ಸಣಕಲು. ಎದ್ದು ಇಬ್ಬರ ನಡುವೆ ನಿಂತರು.

"ಬೀಗ ಹಾಕ್ತಿದ್ದದ್ದು ನಿಜಾನಾ ಜಯರಾಜ್?"

ಜಯರಾಜ್ ಅಪ್ಪನ ಮುಖ ಬಿಟ್ಟು ಬಾಗಿಲಿನ ಕಡೆ ನೋಡಿದ.

"ಕೊನೇ ಬಸ್ಸು ಇನ್ನೂ ಹೋಗಿಲ್ಲ. ನೀನು ಹೊರಡು."

ಅವನು ಬಾಯಿಗೆ ಬಂದದ್ದನ್ನು ಅನ್ನುತ್ತ ಹೋದ. ಬೀದಿಯವರೆಲ್ಲ ಬಾಗಿಲಿಗೆ ಬಂದು ಕೇಳಿದರು. ಅಪ್ಪ ಬಾಗಿಲು ಹಾಕಿ ಚಿಲಕ ಹಾಕಿದರು. ನನ್ನ ಕಡೆ ನೋಡಿ, "ನೀನು ಹೇಳಿದ್ದು ಸುಳ್ಳಾ?" ಎಂದರು. "ಹೌದಪ್ಪ" ಎಂದೆ. ಅವರು ಪುಸ್ತಕ ತೆಗೆದು ಅಮ್ಮನ ಕೈಗೆ ಕೊಟ್ಟು, "ಇನ್ಮೇಲೆ ನೀನು ಓದೋದು ಬೇಡ. ನಿಮ್ಮಮ್ಮ ಓದ್ಲಿ" ಎಂದರು. ಅವರು ಶಿಕ್ಷೆ ಎಂದು ಕೊಟ್ಟರು. ನನ್ನ ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿದ ಹಾಗಾಯಿತು. ಆಮೇಲೆ ವರ್ಷಗಟ್ಟಲೆ ನಮ್ಮ ಮನೆಯ ಪ್ರಾರ್ಥನೆ ಅಮ್ಮನ ಬೆರಳಿನ ವೇಗದಲ್ಲೇ ನಡೆಯಿತು. ಮೊದಲ ಪುಟದಿಂದ ಶುರುಮಾಡಿ, ಏನನ್ನೂ ಬಿಡದೆ, ಏನನ್ನೂ ಆರಿಸದೆ. ಸಾರು ಆರಿಹೋಗುತ್ತಿತ್ತು. ನಮ್ಮ ಜಗಳಗಳಿಗೆ ಮತ್ತೆ ಅಧ್ಯಾಯ ಸಿಗಲಿಲ್ಲ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ ನನಗೂ ಇದೆ. ಹಾಗಾಗಲಿಲ್ಲ. ಸಭೆಯ ಉಳಿದ ಹಿರಿಯರು ಅಪ್ಪನನ್ನು ಕರೆಸಿ, ದೇವರು ಕೂಡಿಸಿದ್ದನ್ನು ನೀವು ಅಗಲಿಸಿದ್ದೀರಿ ಎಂದರಂತೆ. ಅಪ್ಪ ವಾದ ಮಾಡಲಿಲ್ಲ; ವೇದಪಾಠ ಓದುವುದನ್ನು ತಾವೇ ಬಿಟ್ಟು ಹಿಂದಿನ ಬೆಂಚಿಗೆ ಬಂದು ಕೂತರು. ಚಿಕ್ಕಮ್ಮ ನಮ್ಮ ನಡುಕೋಣೆಗೆ ಬಂದಳು. ಅಲ್ಲೇ ಹೆಣ್ಣುಮಗು ಹುಟ್ಟಿತು. ಗ್ರೇಸಿ ಎಂದು ಹೆಸರಿಟ್ಟೆವು. ಜಯರಾಜ್ ಆಗಾಗ ಬಂದು ಬೀದಿಯ ಆಚೆ ಬದಿಯಲ್ಲಿ, ಹುಣಸೆಮರದ ಕೆಳಗೆ, ಏನೂ ಅನ್ನದೆ ನಿಂತಿದ್ದು ಹೋಗುತ್ತಿದ್ದ. ಯಾವ ದಿನ ಬರುತ್ತಾನೆಂದು ಗೊತ್ತಿರಲಿಲ್ಲವಾದ್ದರಿಂದ ನಮ್ಮ ಬಾಗಿಲಿಗೆ ಹಗಲೂ ಚಿಲಕ ಬಿತ್ತು. ಮೂರು ವರ್ಷ ಚಿಕ್ಕಮ್ಮ ಹಿತ್ತಿಲು ದಾಟಲಿಲ್ಲ. ಒಂದು ಬೀಗದಿಂದ ತಪ್ಪಿಸಿಕೊಂಡು ಬಂದವಳು ನಮ್ಮ ಚಿಲಕದ ಹಿಂದೆ ಕೂತಳು. ಅವಳ ಜೊತೆ ನಾವೂ ಕೂತೆವು. ಗೆಳತಿಯರು ಮನೆಗೆ ಬರುವುದು ನಿಂತಿತು. ಗ್ರೇಸಿ ನಡೆಯುವುದನ್ನು ಕಲಿತದ್ದು ಆ ಮೂರು ಕೋಣೆಗಳ ನಡುವೆ. ಇನ್ನೂ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಆ ಮೂರು ವರ್ಷವೂ ಅಪ್ಪ ಚಿಕ್ಕಮ್ಮನ ಜೊತೆ ನೇರವಾಗಿ ಮಾತಾಡಲಿಲ್ಲ. ನಿಮ್ಮ ಚಿಕ್ಕಮ್ಮನಿಗೆ ಹಾಲು ಕೊಡು, ನಿಮ್ಮ ಚಿಕ್ಕಮ್ಮನಿಗೆ ಔಷಧಿ ತಂದಿದ್ದೀನಿ ಅಂತ ಹೇಳು. ಮಗುವನ್ನು ಎತ್ತಿಕೊಳ್ಳುತ್ತಿದ್ದರು, ತಾಯಿಯ ಮುಖ ನೋಡುತ್ತಿರಲಿಲ್ಲ. ಅದು ಸಿಟ್ಟು ಎಂದೇ ನಾನು ತಿಳಿದಿದ್ದೆ. ಅವಳಿಂದ ತನ್ನ ಮರ್ಯಾದೆ ಹೋಯಿತೆಂಬ ಸಿಟ್ಟು.

ನಾನು ಹೈಸ್ಕೂಲಿನಲ್ಲಿದ್ದಾಗ ಕೋಲಾರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸಕ್ಕೆ ಜನ ಬೇಕೆಂದು ತಿಳಿಯಿತು. ಇರಲು ಕೋಣೆ ಕೊಡುತ್ತಾರೆ, ಮಗುವನ್ನೂ ಇಟ್ಟುಕೊಳ್ಳಬಹುದು. ಅಮ್ಮನಿಗೆ ಕಳಿಸುವ ಮನಸ್ಸಿರಲಿಲ್ಲ, ಅವನು ಅಲ್ಲಿಗೂ ಬಂದರೆ ಎಂದಳು. ಚಿಕ್ಕಮ್ಮ, "ಬರ್ಲಿ ಅಕ್ಕ. ಅಲ್ಲಿ ನಲವತ್ತು ಜನ ಇರ್ತಾರೆ" ಎಂದು ಸೀರೆಗಳನ್ನು ಟ್ರಂಕಿಗೆ ತುಂಬಿದಳು. ಹೊರಡುವ ಬೆಳಿಗ್ಗೆ ಅವಳೇ ಬಾಗಿಲ ಚಿಲಕ ತೆಗೆದಳು. ಟ್ರಂಕು ಹೊರಲು ನಾನು ಬಗ್ಗಿದೆ. ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ಅದನ್ನು ಹೆಗಲಿಗೆ ಏರಿಸಿಕೊಂಡು ಎಲ್ಲರಿಗಿಂತ ಮುಂದೆ ನಡೆದರು. ಬೀದಿಯ ಜನ ನೋಡುತ್ತಿದ್ದರು. ಮೇಷ್ಟ್ರು ಟ್ರಂಕು ಹೊತ್ತದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲ.

ಬಸ್ಸು ಬಂತು. ಅಪ್ಪ ಟ್ರಂಕನ್ನು ಬಸ್ಸಿನ ಮೇಲೆ ಹಾಕಿ ಕೆಳಗಿಳಿದು, ಚಿಕ್ಕಮ್ಮ ಕೂತ ಕಿಟಕಿಯ ಹತ್ತಿರ ಬಂದರು. ಗ್ರೇಸಿ ತಾಯಿಯ ತೊಡೆಯ ಮೇಲೆ ನಿಂತು, ಇಷ್ಟೊಂದು ಜನರನ್ನು ಒಟ್ಟಿಗೇ ಕಂಡು ಬೆರಗಾಗಿ, ಒಬ್ಬೊಬ್ಬರ ಕಡೆಯೂ ಬೆರಳು ತೋರಿಸುತ್ತಿತ್ತು. ಅಪ್ಪ ಕಿಟಕಿಯ ಸರಳು ಹಿಡಿದುಕೊಂಡರು. ಕಂಡಕ್ಟರ್ ಸೀಟಿ ಊದಿದ ಮೇಲೆ ಅವರ ಮಾತು ಹೊರಗೆ ಬಂತು.

"ದಯಾ, ನಾನು ಎರಡು ಸಲ ನಿನ್ನ ಕಳಿಸ್ಬಿಟ್ಟೆ."

ಚಿಕ್ಕಮ್ಮ ಅವರ ಮುಖವನ್ನು ನೇರವಾಗಿ ನೋಡಿದಳು. ಅವಳ ಕಣ್ಣಲ್ಲಿ ಕೋಪವಿರಲಿಲ್ಲ. ಪರವಾಗಿಲ್ಲ ಅನ್ನುತ್ತಾಳೆಂದು ನಾನು ಕಾದೆ. ಅಪ್ಪನೂ ಕಾದರು.

"ಹೌದು ಭಾವ, ಕಳಿಸಿದ್ರಿ" ಎಂದಳು.

ಬಸ್ಸು ಹೊರಟಿತು. ಅಪ್ಪ ಸರಳು ಬಿಡದೆ ಅದರ ಜೊತೆ ನಾಲ್ಕು ಹೆಜ್ಜೆ ನಡೆದರು, ಆಮೇಲೆ ಬಿಟ್ಟರು.